ಟೇಬಲ್ ಸಾ ಇದ್ದವರು ಬ್ಲೇಡಿನ ಹಿಂದೆ ಒಮ್ಮೆ ನೋಡಿ
ಟೇಬಲ್ ಸಾ ಅಂದರೆ ಮೇಜಿನ ನಡುವೆ ತಿರುಗುವ ಬ್ಲೇಡ್ ಇರುವ, ಮರ ಕೊಯ್ಯುವ ಯಂತ್ರ. ಅದರಲ್ಲಿ ಎಲ್ಲರ ಕಣ್ಣು ಬ್ಲೇಡಿನ ಮೇಲೆ. ನಾನು ಮೊದಲು ನೋಡುವುದು ಅದರ ಹಿಂದಿರುವ ತೆಳು ಉಕ್ಕಿನ ಪಟ್ಟಿಯನ್ನು. ಅದರ ಹೆಸರು ರೈವಿಂಗ್ ನೈಫ್. ಕೊಯ್ದ ಸೀಳು ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿದರೆ ಹಲಗೆ ನಮ್ಮ ಕಡೆಗೇ ಚಿಮ್ಮುತ್ತದೆ. ಇದೇ ಕಿಕ್‌ಬ್ಯಾಕ್. ಸೀಳು ಮುಚ್ಚದಂತೆ ತಡೆಯುವುದು ಈ ಪಟ್ಟಿ. ಅಡ್ಡ ಬರುತ್ತೆ ಅಂತ ಸುಮ್ನೆ ಬಿಚ್ಚಿಡುವವರೇ ಜಾಸ್ತಿ, ಅಲ್ವಾ?

ಫೆನ್ಸ್, ಅಂದರೆ ಹಲಗೆಯನ್ನು ಒರಗಿಸಿ ತಳ್ಳುವ ಪಕ್ಕದ ಉದ್ದ ಆಸರೆ, ಬ್ಲೇಡಿಗೆ ಸಮಾನಾಂತರವಾಗಿರಲಿ. ಬ್ಲೇಡಿನ ಹಲ್ಲು ಹಲಗೆಗಿಂತ 5 ಮಿ.ಮೀ.ನಷ್ಟು ಮೇಲಿದ್ದರೆ ಸಾಕು. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಫೆನ್ಸಿಗೂ ಬ್ಲೇಡಿಗೂ ನಡುವೆ 15 ಸೆಂ.ಮೀ.ಗಿಂತ ಕಡಿಮೆ ಜಾಗ ಇದ್ದರೆ ಕೈಯಲ್ಲಿ ತಳ್ಳಬೇಡಿ, ಕೋಲಿನಿಂದ ತಳ್ಳಿ. ಗ್ಲೌಸ್ ಬೇಡವೇ ಬೇಡ. ಅದು ಹಲ್ಲಿಗೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಬ್ಲೇಡ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಿ.