ಥ್ರಿಲ್ಲರ್‌ನ ಮೊದಲ ನಾಲ್ಕು ನಿಮಿಷ: ಹೇಗೆ ನೋಡಬೇಕು?

ಕ್ರೈಮ್ ಥ್ರಿಲ್ಲರ್‌ನ ಶುರು ಚೆನ್ನಾಗಿದ್ದರೆ ‘ಕ್ಯಾಮೆರಾ ವರ್ಕ್ ಸೂಪರ್’ ಅಂದು ಸುಮ್ಮನಾಗುತ್ತೇವೆ. ಕ್ಯಾಮೆರಾ ಅಲ್ಲಿ ಏನು ಮಾಡಿತು ಅಂತ ಯಾರಾದರೂ ಕೇಳಿದರೆ ತಡವರಿಸುತ್ತೇವೆ. ನನ್ನ ಪ್ರಕಾರ ಅದರ ಮುಖ್ಯ ಕೆಲಸ ಹಂಚುವುದು. ನಡೆಯುತ್ತಿರುವ ಸಂಗತಿ ಪಾತ್ರಗಳಿಗೆ ಎಷ್ಟು ಗೊತ್ತು, ನಮಗೆ ಎಷ್ಟು ಗೊತ್ತು ಅನ್ನುವ ಲೆಕ್ಕ ಅದರ ಕೈಯಲ್ಲಿದೆ.

ಇದನ್ನು ಕಲಿಯಲು ಆರ್ಸನ್ ವೆಲ್ಸ್ ನಿರ್ದೇಶಿಸಿದ ‘ಟಚ್ ಆಫ್ ಈವಿಲ್’ (1958) ಒಳ್ಳೆಯ ಪಾಠ. ಕಥೆ ಅಮೆರಿಕ–ಮೆಕ್ಸಿಕೋ ಗಡಿಯ ಊರಿನದು. ಚಿತ್ರೀಕರಣ ಹೆಚ್ಚಾಗಿ ನಡೆದದ್ದು ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ. ಛಾಯಾಗ್ರಾಹಕ ರಸೆಲ್ ಮೆಟ್ಟಿ. ಮೊದಲ ಶಾಟ್ ಸುಮಾರು 3 ನಿಮಿಷ 20 ಸೆಕೆಂಡ್. ನಡುವೆ ಒಂದೂ ಕಟ್ ಇಲ್ಲ, ಅಂದರೆ ದೃಶ್ಯ ಎಲ್ಲೂ ತುಂಡಾಗದೆ ಒಂದೇ ಓಟದಲ್ಲಿ ಸಾಗುತ್ತದೆ.

ಹಂತ 1: ಮ್ಯೂಟ್ ಮಾಡಿ ನೋಡಿ

ಮಾತು, ಸಂಗೀತ ಯಾವುದೂ ಬೇಡ. ತೀರಾ ಹತ್ತಿರದಲ್ಲಿ ಎರಡು ಕೈಗಳು ಕಾಣುತ್ತವೆ. ಅವು ಟೈಮ್ ಬಾಂಬ್‌ನ ಗಡಿಯಾರ ತಿರುಗಿಸುತ್ತವೆ. ಆ ಮನುಷ್ಯ ಓಡುತ್ತಾನೆ, ಗೋಡೆಯ ಮೇಲೆ ನೆರಳೂ ಓಡುತ್ತದೆ. ಬಾಂಬನ್ನು ಕಾರಿನ ಡಿಕ್ಕಿಗೆ ಹಾಕಿ ಪರಾರಿ. ಏನೂ ಗೊತ್ತಿಲ್ಲದ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದು ಕಾರು ಹತ್ತುತ್ತಾರೆ. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಹಂಚಿಕೆ ಅಲ್ಲಿಗೇ ಮುಗಿಯಿತು.

ಹಂತ 2: ಕಾರನ್ನು ಮಾತ್ರ ಹಿಂಬಾಲಿಸಿ

ಎರಡನೇ ಸಲ ನೋಡುವಾಗ ಕಾಗದ, ಪೆನ್ನು ಹಿಡಿದುಕೊಳ್ಳಿ. ಕಾರು ಯಾವಾಗ ಕಣ್ಣಿಂದ ಮರೆಯಾಗುತ್ತದೆ, ಯಾವಾಗ ಮತ್ತೆ ಬರುತ್ತದೆ ಅಂತ ಗುರುತು ಹಾಕಿ. ಕ್ರೇನ್ ಮೇಲಿನ ಕ್ಯಾಮೆರಾ ಎತ್ತರಕ್ಕೇರಿ, ಕಟ್ಟಡದ ಆಚೆಗೆ ಸಾಗಿ, ಮತ್ತೆ ಬೀದಿಗೆ ಇಳಿಯುತ್ತದೆ. ಕಾರು ಪೊಲೀಸನ ಕೈಸನ್ನೆಗೆ ನಿಲ್ಲುತ್ತದೆ. ಮೇಕೆಗಳು ಅಡ್ಡ ಬರುತ್ತವೆ. ಹೊಸದಾಗಿ ಮದುವೆಯಾದ ಜೋಡಿಯೊಂದು ನಡೆದು ಬರುತ್ತದೆ (ಚಾರ್ಲ್ಟನ್ ಹೆಸ್ಟನ್, ಜಾನೆಟ್ ಲೀ). ಕ್ಯಾಮೆರಾ ಕಾರನ್ನು ಬಿಟ್ಟು ಇವರ ಜೊತೆ ಹೊರಡುತ್ತದೆ. ಆದರೆ ಕಾರು ಮಾತ್ರ ಮತ್ತೆ ಮತ್ತೆ ಇವರ ಪಕ್ಕಕ್ಕೇ ಬಂದು ನಿಲ್ಲುತ್ತದೆ! ನಮ್ಮ ಹೊಟ್ಟೆಯಲ್ಲಿ ತಳಮಳ ಶುರುವಾಗುವುದು ಇಲ್ಲೇ.

ಇಲ್ಲಿ ಕಟ್ ಇಲ್ಲದಿರುವುದು ಬರೀ ಶೋಕಿಗಲ್ಲ. ಕಟ್ ಮಾಡಿದರೆ ಸಮಯವನ್ನು ಎಳೆಯಬಹುದು, ಕತ್ತರಿಸಬಹುದು. ಮಾಡದಿದ್ದರೆ ಬಾಂಬಿನ ಸಮಯವೂ ನಮ್ಮ ಕೈಗಡಿಯಾರದ ಸಮಯವೂ ಒಂದೇ. ಇತ್ತೀಚೆಗೆ ಉದ್ದ ಶಾಟ್ ಒಂದು ಖಯಾಲಿಯಾಗಿಬಿಟ್ಟಿದೆ. ಎಷ್ಟೋ ಸಿನಿಮಾಗಳಲ್ಲಿ ಕ್ಯಾಮೆರಾ ಸುಮ್ನೆ ಓಡಾಡುತ್ತದೆ, ಅಲ್ವಾ? ಕಾಯುವುದಕ್ಕೆ ಒಂದು ಕಾರಣ ಇಲ್ಲದಿದ್ದರೆ ಉದ್ದ ಶಾಟ್ ಬರೀ ಉದ್ದವೇ.

ಹಂತ 3: ಕಣ್ಣು ಮುಚ್ಚಿ ಕೇಳಿ

ಈ ಸಿನಿಮಾ ಇದಕ್ಕೆ ಹೇಳಿ ಮಾಡಿಸಿದಂತಿದೆ. 1958ರಲ್ಲಿ ಸ್ಟುಡಿಯೊ ಈ ಶಾಟ್ ಮೇಲೆ ಟೈಟಲ್ ಕಾರ್ಡ್ ಹಾಕಿ, ಹೆನ್ರಿ ಮಾನ್ಸಿನಿ ಸಂಗೀತ ಸೇರಿಸಿತು. ವೆಲ್ಸ್‌ಗೆ ಬೇಕಿದ್ದದ್ದು ಅದಲ್ಲ. ಅವರು ಸ್ಟುಡಿಯೊಗೆ 58 ಪುಟಗಳ ಟಿಪ್ಪಣಿ ಬರೆದರು. ಅದನ್ನು ಇಟ್ಟುಕೊಂಡು 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಸಿನಿಮಾವನ್ನು ಮತ್ತೆ ಜೋಡಿಸಿದರು. ಟೈಟಲ್ ಹೋಯಿತು. ಹಿನ್ನೆಲೆ ಸಂಗೀತದ ಜಾಗದಲ್ಲಿ ಬೀದಿಯ ಕ್ಲಬ್ಬುಗಳ ಹಾಡು, ಕಾರಿನ ರೇಡಿಯೊ ಬಂತು.

ಎರಡನ್ನೂ ಒಂದರ ಹಿಂದೊಂದು ಕೇಳಿ. ಹಳೆಯದರಲ್ಲಿ ಸಂಗೀತವೇ ‘ಹೆದರಿಕೋ’ ಅನ್ನುತ್ತದೆ. ಹೊಸದರಲ್ಲಿ ರೇಡಿಯೊ ಸದ್ದು ಜಾಸ್ತಿಯಾದರೆ ಸಾಕು, ಕಾರು ಹತ್ತಿರ ಬಂತು ಅಂತ ಗೊತ್ತಾಗುತ್ತದೆ. ನನ್ನ ಓಟು ಹೊಸದಕ್ಕೆ. ಗಡಿಯ ತಪಾಸಣೆಯಲ್ಲಿ ಕಾರಿನ ಹೆಂಗಸು ತಲೆಯಲ್ಲಿ ಟಿಕ್ ಟಿಕ್ ಸದ್ದಾಗುತ್ತಿದೆ ಅಂತ ಗೊಣಗುತ್ತಾಳೆ. ಯಾರೂ ಕಿವಿಗೊಡುವುದಿಲ್ಲ.

ಹಂತ 4: ಮೊದಲ ಕಟ್ ಹಿಡಿಯಿರಿ

ಕಾರು ಗಡಿ ದಾಟುತ್ತದೆ. ಜೋಡಿ ಮುತ್ತಿಡುವ ಹೊತ್ತಿಗೆ ಸ್ಫೋಟದ ಸದ್ದು. ಆಗ ಬರುತ್ತದೆ ಕಟ್, ಉರಿಯುವ ಕಾರಿಗೆ. ನಿಮ್ಮ ಇಷ್ಟದ ಥ್ರಿಲ್ಲರ್‌ನಲ್ಲೂ ಮೊದಲ ಕಟ್ ಯಾವ ಕ್ಷಣಕ್ಕೆ ಬಿತ್ತು ಅಂತ ಬರೆದಿಡಿ.

ನೀವೇ ಕಿರುಚಿತ್ರ ಮಾಡುವವರಾದರೆ ಕ್ರೇನ್‌ಗಾಗಿ ತಲೆ ಕೆಡಿಸಿಕೊಳ್ಳಬೇಡಿ. ಮೊಬೈಲ್ ಸಾಕು. ಯಾರೋ ಒಂದು ಚೀಲಕ್ಕೆ ಏನನ್ನೋ ತುರುಕುವುದನ್ನು ಹತ್ತಿರದಿಂದ ತೋರಿಸಿ. ಆ ಚೀಲವನ್ನು ಬೇರೊಬ್ಬರು ಹೆಗಲಿಗೇರಿಸಿಕೊಂಡು ಬಸ್ ಹತ್ತಲಿ. ಬಸ್ಸಿನ ಸದ್ದನ್ನು ಮಾತ್ರ ಬೇರೆಯಾಗಿ, ಚೆನ್ನಾಗಿ ರೆಕಾರ್ಡ್ ಮಾಡಿಕೊಳ್ಳಿ.