ಹಳೇ ಅಡಿಕೆ ಲೆಕ್ಕ, ಹೊಸ ವಿಂಡೋಸ್

ನಾನು ಶಿರಸಿಯ ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಪ್ರೋಗ್ರಾಮು 2004ರದ್ದು. ಊರಿನ ಹುಡುಗನೊಬ್ಬ ವಿಷುವಲ್ ಬೇಸಿಕ್ 6 (ವಿಬಿ 6) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಹೀಗೆ ಯಾವ ಬಗೆಯ ಅಡಿಕೆ ಎಷ್ಟು ಬಂತು, ಚೀಲದ ತೂಕ ಎಷ್ಟು ಕಳೆಯಬೇಕು, ಬೆಳೆಗಾರರು ತಗೊಂಡ ಮುಂಗಡಕ್ಕೆ ಬಡ್ಡಿ ಎಷ್ಟು, ಎಲ್ಲ ಒಂದೇ ಪರದೆಯಲ್ಲಿ. ಆ ಹುಡುಗ ಬೆಂಗಳೂರು ಸೇರಿ ಎಷ್ಟೋ ವರ್ಷವಾಯಿತು. ಸೆಟಪ್ ಸಿ.ಡಿ. ನಮ್ಮ ಹತ್ತಿರ ಇರಲಿಲ್ಲ. ಆದರೂ ಅದನ್ನು ಬಿಡಲು ಮನಸ್ಸಿರಲಿಲ್ಲ. ಇಷ್ಟು ವರ್ಷದ ಖಾತೆ ಅದರೊಳಗೇ ಇತ್ತು.

2022ರ ಆಗಸ್ಟ್. ಮಳೆಗೆ ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗಿ ಬರುತ್ತಿತ್ತು. ವಿಂಡೋಸ್ 7ರ ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡತೊಡಗಿತು. ಎಸ್‌ಎಸ್‌ಡಿ ಹಾಕಿಸಿ, 64 ಬಿಟ್‌ನ ವಿಂಡೋಸ್ 10 ಹೊಸದಾಗಿ ಕೂರಿಸಿದ್ದಾಯಿತು. ರಿಪೇರಿಯವರು ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಕೊಡ್ತೇನೆ ಅಂದರು. ಬೇಡ, ಹಾಗೇ ಕೊಡಿ ಅಂದೆ. ಆ ಒಂದು ಮಾತು ನಮ್ಮನ್ನು ಉಳಿಸಿತು.

ಯುಎಸ್‌ಬಿ ಕೇಬಲ್‌ನಲ್ಲಿ ಹಳೇ ಡಿಸ್ಕ್ ಸಿಕ್ಕಿಸಿ, ಪ್ರೋಗ್ರಾಮ್ ಫೈಲ್ಸ್‌ನಲ್ಲಿದ್ದ ಫೋಲ್ಡರನ್ನು ಕಾಪಿ ಮಾಡಿದೆ. ಪ್ರೋಗ್ರಾಮು ತೆರೆಯಲಿಲ್ಲ. ಒಂದು ಒಸಿಎಕ್ಸ್ ಫೈಲು, ಅಂದರೆ ಪರದೆಯ ಯಾವುದೋ ಭಾಗವನ್ನು ನಡೆಸುವ ಫೈಲು, ಸಿಗುತ್ತಿಲ್ಲ ಎಂಬ ಸಂದೇಶ ಬಂತು. ವಿಬಿ 6ರ ಪ್ರೋಗ್ರಾಮು ಓಡಲು ಬೇಕಾದ ಮೂಲ ಫೈಲು (ರನ್‌ಟೈಮ್) ವಿಂಡೋಸ್ 10ರಲ್ಲಿ ಇದ್ದೇ ಇರುತ್ತದೆ. ಗ್ರಿಡ್, ಟೂಲ್‌ಬಾರ್‌ನಂಥವುಗಳ ಒಸಿಎಕ್ಸ್ ಮಾತ್ರ ಇರುವುದಿಲ್ಲ. ಹಳೇ ಡಿಸ್ಕಿನ ಸಿಸ್ಟಮ್32ರಿಂದ ಮೂರು ಫೈಲು ತೆಗೆದೆ. 64 ಬಿಟ್ ಯಂತ್ರದಲ್ಲಿ ಅವನ್ನು ಹಾಕಬೇಕಾದ್ದು ಸಿಸ್ಟಮ್32ಕ್ಕೆ ಅಲ್ಲ, ಸಿಸ್‌ವಾವ್64ಕ್ಕೆ. ಹೆಸರು ನೋಡಿದರೆ ಉಲ್ಟಾ ಅನ್ನಿಸುತ್ತದೆ, ಆದರೆ 32 ಬಿಟ್ ಫೈಲುಗಳ ಮನೆ ಅದೇ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಆ ಫೋಲ್ಡರಿನ ರೆಗ್‌ಎಸ್‌ವಿಆರ್32 ಎಂಬ ಕಮಾಂಡಿನಿಂದ ಒಂದೊಂದಾಗಿ ರಿಜಿಸ್ಟರ್ ಮಾಡಿದೆ, ಅಂದರೆ ಅವು ಇರುವುದನ್ನು ವಿಂಡೋಸ್‌ಗೆ ತಿಳಿಸಿದೆ.

ಪ್ರೋಗ್ರಾಮು ತೆರೆಯಿತು. ಕೊನೆಯ ಬಿಲ್ಲು ನೋಡಿದರೆ 2013ರದ್ದು! ಒಂಬತ್ತು ವರ್ಷದ ಲೆಕ್ಕ ಕಾಣಲೇ ಇಲ್ಲ. ಕೈಕಾಲು ತಣ್ಣಗಾಯಿತು. ಲೆಕ್ಕವೆಲ್ಲ ಇರುವ ಎಂಡಿಬಿ ಫೈಲಿನ ತಾರೀಕು ನೋಡಿದೆ. ಅದೂ 2013. ಎಕ್ಸ್‌ಪಿಯಿಂದ ವಿಂಡೋಸ್ 7ಕ್ಕೆ ಬಂದ ವರ್ಷ ಅದು.

ಕಾರಣ ಹೊಳೆಯಲು ಒಂದು ರಾತ್ರಿ ಬೇಕಾಯಿತು. ಪ್ರೋಗ್ರಾಮ್ ಫೈಲ್ಸ್ ಒಳಗೆ ಬರೆಯಲು ವಿಸ್ಟಾದಿಂದ ಈಚೆಗೆ ವಿಂಡೋಸ್ ಸುಮ್ನೆ ಬಿಡುವುದಿಲ್ಲ. ಹಳೇ ಪ್ರೋಗ್ರಾಮು ಬರೆಯಲು ಹೋದರೆ, ಫೈಲಿನ ಒಂದು ಪ್ರತಿಯನ್ನು ವರ್ಚುವಲ್‌ಸ್ಟೋರ್ ಎಂಬ ಜಾಗದಲ್ಲಿ ಮಾಡಿ ಅದರಲ್ಲಿ ಬರೆಸುತ್ತದೆ. ಪ್ರೋಗ್ರಾಮಿಗೆ ಅದು ಗೊತ್ತೇ ಆಗುವುದಿಲ್ಲ, ನಮಗೂ ಅಷ್ಟೇ. ಬೆಳಿಗ್ಗೆ ಬಂದವನೇ ಹಿಡನ್ ಫೈಲು ಕಾಣುವಂತೆ ಮಾಡಿ, ಹಳೇ ಡಿಸ್ಕಿನ ಯೂಸರ್ಸ್, ನಮ್ಮ ಯೂಸರ್ ಹೆಸರು, ಆಪ್‌ಡೇಟಾ, ಲೋಕಲ್, ಹೀಗೆ ಒಳಗೊಳಗೆ ಹೋದೆ. ಅಲ್ಲಿತ್ತು ನಮ್ಮ ಲೆಕ್ಕ, ಕೊನೆಯ ದಿನದ ತಾರೀಕಿನ ಸಮೇತ. ಡಿಸ್ಕ್ ಫಾರ್ಮ್ಯಾಟ್ ಆಗಿದ್ದರೆ ಒಂಬತ್ತು ವರ್ಷ ಹೋಗುತ್ತಿತ್ತು. ಈ ಸಲ ಎಲ್ಲವನ್ನೂ ಡಿ ಡ್ರೈವ್‌ನ ಬೇರೆ ಫೋಲ್ಡರಿನಲ್ಲಿಟ್ಟೆ. ಅಲ್ಲಿ ಈ ಬೇರೆ ಪ್ರತಿಯ ಗೋಳು ಇಲ್ಲ.

ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರವಾಗಿ ಕಾಣುತ್ತಿದ್ದವು. ಯೂನಿಕೋಡ್ ಅಲ್ಲದ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸಿದ ಹಳೇ ನುಡಿ ಫಾಂಟ್ ಬಳಸಿದ್ದರು. ಹಳೇ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದ ತಂದು ಹಾಕಿದೆ, ಸರಿಹೋಯಿತು.

ಎಲ್ಲ ಮುಗಿಯಿತು ಅಂದುಕೊಂಡು ಆಗಸ್ಟ್ 5ಕ್ಕೆ ಕೆಲಸ ಶುರು ಮಾಡಿದೆವು. ತೋಟಕ್ಕೆ ಎರಡನೇ ಮದ್ದು ಹೊಡೆಸುವ ಹೊತ್ತು, ಮುಂಗಡ ಕೇಳುವವರು ಜಾಸ್ತಿ. ಬೆಳಿಗ್ಗೆ 20,000 ತಗೊಂಡು ಹೋದ ಹಿರಿಯರೊಬ್ಬರು ಮಧ್ಯಾಹ್ನ ಖಾತೆಯ ಚೀಟಿ ಕೇಳಲು ಬಂದರು. ಪ್ರಿಂಟ್ ನೋಡಿ, "ತಮಾ, ಬೆಳಿಗ್ಗೆ ತಗಂಡ ದುಡ್ಡಿಗೆ ಈಗ್ಲೇ ಬಡ್ಡಿ ಬಂತಾ?" ಅಂದರು. ಶೇಕಡಾ 12ರಂತೆ 585 ರೂಪಾಯಿ ಬಡ್ಡಿ ತೋರಿಸುತ್ತಿತ್ತು.

ಅಂದರೆ 89 ದಿನದ ಬಡ್ಡಿ. ಮೇ 8ರಿಂದ ಲೆಕ್ಕ ಹಿಡಿದಿತ್ತು. ಹೊಸ ವಿಂಡೋಸ್ ಅಮೆರಿಕದ ಸೆಟ್ಟಿಂಗ್‌ನಲ್ಲಿ ಕೂತಿತ್ತು, ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಾವು 05/08 ಅಂತ ಹೊಡೆದದ್ದು ಮೇ 8 ಆಗಿತ್ತು. ಪರದೆಯಲ್ಲಿ ಮಾತ್ರ 5/8 ಅಂತಲೇ ಕಾಣುತ್ತದೆ, ಅನುಮಾನ ಹೇಗೆ ಬರಬೇಕು? ಇನ್ನೂ ಹೆದರಿಕೆಯ ಸಂಗತಿ ಅಂದರೆ, 13ನೇ ತಾರೀಕಿನಿಂದ ಎಲ್ಲ ಸರಿಯಾಗಿಯೇ ಕೂರುತ್ತದೆ. ಹದಿಮೂರನೇ ತಿಂಗಳು ಇಲ್ಲವಲ್ಲ, ಹಾಗಾಗಿ ವಿಬಿ ತಾನೇ ದಿನ, ತಿಂಗಳು ತಿರುಗಿಸಿಕೊಳ್ಳುತ್ತದೆ. ತಿಂಗಳ ಕೊನೆಯಲ್ಲಿ ಬದಲಾಯಿಸಿದ್ದರೆ ನಾವು ಪರೀಕ್ಷೆ ಮಾಡಿದರೂ ತಪ್ಪು ಸಿಗುತ್ತಿರಲಿಲ್ಲ.

ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ಗೆ ಹೋಗಿ, ದಿನ, ತಿಂಗಳು, ವರ್ಷ ಎಂಬ ಕ್ರಮಕ್ಕೆ ತಂದೆ. ಪ್ರೋಗ್ರಾಮು ಮುಚ್ಚಿ ತೆರೆದೆ. ಅವತ್ತು ಬರೆದ ಏಳು ಎಂಟ್ರಿಯೂ ಮೇ 8ಕ್ಕೆ ಕಂಡವು. ಒಂದೊಂದಾಗಿ ಅಳಿಸಿ ಮತ್ತೆ ಬರೆದೆ. ಹಿರಿಯರು ಅಲ್ಲಿಯವರೆಗೂ ಬೆಂಚಿನ ಮೇಲೆ ಕೂತಿದ್ದರು. ಬಡ್ಡಿಯ ಕಡೆ ಸೊನ್ನೆ ಇದ್ದ ಹೊಸ ಚೀಟಿ ಕೊಟ್ಟು, ಹಳೇದನ್ನು ವಾಪಸ್ ತಗೊಂಡೆ.