ಲೇಸರ್‌ನಲ್ಲಿ ಬಂಡೆ ಅಳೆದೆ, ಉತ್ತರ ದಿಕ್ಕು 11 ಡಿಗ್ರಿ ತಪ್ಪಿತ್ತು

ರಾಮನಗರದ ಹತ್ತಿರ ಕೆಲಸ ನಿಂತುಹೋದ ಒಂದು ಕಲ್ಲು ಕ್ವಾರಿ. ಗೋಡೆ ಸುಮಾರು 30 ಮೀಟರ್ ಎತ್ತರ, 80 ಮೀಟರ್ ಅಗಲ. ಕಲ್ಲು ಕ್ಲೋಸ್‌ಪೇಟೆ ಗ್ರಾನೈಟ್, ಹತ್ತಿರಹತ್ತಿರ 250 ಕೋಟಿ ವರ್ಷ ಹಳೆಯದು. ಅದರಲ್ಲಿರುವ ಜಾಯಿಂಟ್‌ಗಳು, ಅಂದ್ರೆ ಬಂಡೆಯ ಸಹಜ ಸೀಳುಗಳು, ಯಾವ ದಿಕ್ಕಿಗೆ ಎಷ್ಟು ಓರೆಯಾಗಿ ಇಳಿದಿವೆ ಎಂದು ಅಳೆದು ಮಾಡೆಲ್ ಕಟ್ಟಬೇಕಿತ್ತು. ಎರಡು ಸೀಳು ಕೂಡುವ ಗೆರೆ ಗೋಡೆಯಿಂದ ಹೊರಗೆ ಇಳಿದಿದ್ದರೆ, ನಡುವಿನ ತುಂಡು ಜಾರಿ ಬೀಳಬಹುದು. ಕಂಪಾಸ್ ಹಿಡಿದರೆ ಕೈಗೆ ಎಟುಕುವುದು ಕೆಳಗಿನ ಎರಡು ಮೀಟರ್ ಮಾತ್ರ.

ಅದಕ್ಕೇ ಸ್ಕ್ಯಾನರ್ ಒಯ್ದೆ. ಲೇಸರ್ ಬೆಳಕು ಬಂಡೆಗೆ ಬಡಿದು ವಾಪಸ್ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುವ ಯಂತ್ರ ಅದು. 0.02 ಡಿಗ್ರಿಗೊಂದು ಬಿಂದುವಿನಂತೆ ಇಟ್ಟೆ, 50 ಮೀಟರ್ ದೂರದಲ್ಲಿ ಬಿಂದುಗಳ ನಡುವೆ ಸುಮಾರು 17 ಮಿಲಿಮೀಟರ್ ಅಂತರ ಬರುತ್ತದೆ. ಇಡೀ ಗೋಡೆಗೆ 70-80 ಲಕ್ಷ ಬಿಂದು. ಒಂದು ಸೀಳಿನ ಮೈ ಮೇಲಿನ ಬಿಂದುಗಳಿಗೆ ಸಮತಲ ಕೂರಿಸಿದರೆ ಡಿಪ್ (ಸೀಳು ಎಷ್ಟು ಓರೆ ಎಂಬ ಕೋನ) ಮತ್ತು ದಿಕ್ಕು ಎರಡೂ ಸಿಗುತ್ತವೆ. ಇದಕ್ಕೆ ನಾನು ಬಳಸಿದ್ದು ಕ್ಲೌಡ್‌ಕಂಪೇರ್, ಉಚಿತ ಸಾಫ್ಟ್‌ವೇರ್, ಅದರ ಕಂಪಾಸ್ ಪ್ಲಗಿನ್ ಈ ಕೆಲಸಕ್ಕೆಂದೇ ಇದೆ.

ರಾತ್ರಿ ಕೂತು, ಕೆಳಗೆ ಕಂಪಾಸ್‌ನಲ್ಲಿ ಅಳೆದಿದ್ದ 15 ಸೀಳುಗಳನ್ನು ಮಾಡೆಲ್ ಜೊತೆ ಹೋಲಿಸಿದೆ. ಡಿಪ್ ಸರಿಯಾಗಿ ಹೊಂದಿತ್ತು. ದಿಕ್ಕು ಮಾತ್ರ ಎಲ್ಲದರಲ್ಲೂ ಸುಮಾರು 11 ಡಿಗ್ರಿ ಒಂದೇ ಕಡೆಗೆ ತಿರುಗಿತ್ತು. ಯಂತ್ರ ತನ್ನ ಮಟ್ಟವನ್ನು ತಾನೇ ಸರಿ ಮಾಡಿಕೊಳ್ಳುತ್ತದೆ, ಉತ್ತರ ಎಲ್ಲಿದೆ ಅಂತ ನಾವು ಹೇಳಬೇಕು. ನಾನು ಟಾರ್ಗೆಟ್‌ಗಳನ್ನು, ಅಂದ್ರೆ ಸ್ಕ್ಯಾನ್‌ನಲ್ಲಿ ಗುರುತು ಸಿಗುವ ಫಲಕಗಳನ್ನು, 20 ಮೀಟರ್ ಅಂತರದಲ್ಲಿಟ್ಟು, ಅವುಗಳ ಜಾಗವನ್ನು ಕೈ ಜಿಪಿಎಸ್‌ನಲ್ಲಿ ಓದಿದ್ದೆ. ಅದು ನಾಲ್ಕು ಮೀಟರ್ ಆಚೀಚೆ ಆದರೆ ಸಾಕು, 20 ಮೀಟರಿಗೆ 11 ಡಿಗ್ರಿ ತಿರುವು ಬಂದೇ ಬರುತ್ತದೆ ಅಲ್ವಾ! ಮರುವಾರ ಸೆಂಟಿಮೀಟರ್ ಮಟ್ಟಕ್ಕೆ ಜಾಗ ಹೇಳುವ ಆರ್‌ಟಿಕೆ ಜಿಪಿಎಸ್ ತಂದು ಟಾರ್ಗೆಟ್‌ಗಳನ್ನು 40 ಮೀಟರ್ ದೂರಕ್ಕೆ ಸರಿಸಿದೆ. ಎರಡು ಸೆಂಟಿಮೀಟರ್ ತಪ್ಪಿದರೂ ತಿರುವು 0.03 ಡಿಗ್ರಿ ಅಷ್ಟೇ.

ಇದಕ್ಕಿಂತ ಜಾಸ್ತಿ ಹೆದರಿಸಿದ್ದು ಬೇರೆ. ಮೊದಲ ದಿನ ಕೆಳಗಿನ ಒಂದೇ ಜಾಗದಿಂದ ಸ್ಕ್ಯಾನ್ ಮಾಡಿದ್ದೆ, ಸೀಳುಗಳ ದಿಕ್ಕು, ಓರೆಗಳನ್ನು ಚುಕ್ಕಿಗಳಾಗಿ ತೋರಿಸುವ ಸ್ಟೀರಿಯೊನೆಟ್ ಎಂಬ ದುಂಡು ನಕ್ಷೆಯಲ್ಲಿ ಎರಡೇ ಗುಂಪು ಕಂಡವು, ಎರಡೂ ಕಡಿದಾದ ಸೀಳುಗಳು. ಆದರೆ ಗ್ರಾನೈಟ್‌ನಲ್ಲಿ ನೆಲದ ಮೇಲ್ಮೈಗೆ ಸಮಾಂತರವಾಗಿ ಹಾಳೆ ಹಾಳೆಯಾಗಿ ಬಿಡುವ ಸೀಳುಗಳೂ ಇರುತ್ತವೆ, ಅವೇ ಮೇಲಿನ ತುಂಡುಗಳಿಗೆ ಜಾರುಬಂಡೆ. ಕೆಳಗಿನಿಂದ ನೋಡುವಾಗ ಮೆಟ್ಟಿಲಿನ ಮೇಲ್ಮೈ ಕಾಣುವುದಿಲ್ಲವಲ್ಲ, ಹಾಗೆಯೇ ಅವು ಮರೆಯಾಗಿದ್ದವು. ಎದುರು ದಡದ ಮೇಲೆ ಟ್ರೈಪಾಡ್ ಹೊತ್ತು ಹತ್ತಿ ಅಲ್ಲಿಂದಲೂ ಸ್ಕ್ಯಾನ್ ಮಾಡಿ ಎರಡನ್ನೂ ಜೋಡಿಸಿದ ಮೇಲೆ ಮೂರನೆಯ ಗುಂಪು ಎದ್ದು ಬಂತು. ಸುಮ್ನೆ ಮೊದಲ ಸ್ಕ್ಯಾನನ್ನೇ ನಂಬಿದ್ದರೆ ಗೋಡೆ ಗಟ್ಟಿಯಾಗಿದೆ ಎಂದು ಬರೆದುಕೊಡುತ್ತಿದ್ದೆ.

ಕ್ವಾರಿಯ ಒಂದು ಮೂಲೆಯಲ್ಲಿ ಡಾಲರೈಟ್ ಡೈಕ್ ಇದೆ, ಅಂದ್ರೆ ಗ್ರಾನೈಟ್‌ನ ಬಿರುಕಿಗೆ ಶಿಲಾರಸ ನುಗ್ಗಿ ಗಟ್ಟಿಯಾದ ಪಟ್ಟಿ, ಊರವರು ಹೇಳುವ ಕರಿಕಲ್ಲು. ಅದರಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜದಿಂದ ಕಂಪಾಸ್ ಮುಳ್ಳು ಒಂದೊಂದು ಹೆಜ್ಜೆಗೂ ಬೇರೆ ಬೇರೆ ಕಡೆ ತಿರುಗುತ್ತಿತ್ತು. ಆ ಮೂಲೆಯ ದಿಕ್ಕುಗಳನ್ನೆಲ್ಲ ಸರಿಪಡಿಸಿದ ಸ್ಕ್ಯಾನ್‌ನಿಂದಲೇ ತೆಗೆದುಕೊಂಡೆ.